ಕೊರೆಯೋ ಚಳಿಯಲ್ಲಿ ಸ್ನೋಮೊಬೈಲ್ ಮೇಲೆ ಆ್ಯಕ್ಷನ್ ಕ್ಯಾಮೆರಾ: ಕರೆಂಟ್ ಎಲ್ಲಿಂದ, ಕೂರಿಸೋದು ಎಲ್ಲಿ?

ಡಿಟ್ರಾಯಿಟ್ ಹುಡುಗ:
ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಭಾವನ ಜೊತೆ ಮಿಷಿಗನ್‌ನ ಹೌಟನ್‌ನಿಂದ ಕಾಪರ್ ಹಾರ್ಬರ್‌ವರೆಗೆ ಸ್ನೋಮೊಬೈಲ್‌ನಲ್ಲಿ ಹೊರಟಿದ್ದೇನೆ. ಎರಡು ದಿನ, ಹಿಮದ ಮೇಲೆ ಓಡೋ ಆ ಗಾಡಿ ಬಾಡಿಗೆಯದು. ಹೋದ ವರ್ಷ ಕ್ಯಾಮೆರಾ 25 ನಿಮಿಷಕ್ಕೇ ಆಫ್ ಆಯಿತು. ಕರೆಂಟ್ ಹೇಗೆ ಕೊಡೋದು? ಹೆಲ್ಮೆಟ್ ಮೇಲೆ ಕೂರಿಸಲೋ, ಗಾಡಿ ಮೇಲೋ? ಅನುಭವ ಇದ್ದವರು ಹೇಳಿ.

ಹೌಟನ್‌ವಾಸಿ:
ಗಾಡಿಯಿಂದಲೇ ಕರೆಂಟ್ ತಗೊಳ್ಳಿ, ಬೇರೆ ದಾರಿ ಇಲ್ಲ. ದುಡ್ಡು ಸುಟ್ಟು ಕಲಿತವನು ನಾನು. ನನ್ನದು ಹಗ್ಗ ಎಳೆದು ಸ್ಟಾರ್ಟ್ ಮಾಡುವ ಹಳೇ ಟೂ-ಸ್ಟ್ರೋಕ್, ಬ್ಯಾಟರಿನೇ ಇಲ್ಲ. ಹೆಡ್‌ಲೈಟ್ ವೈರ್‌ಗೆ 9 ಡಾಲರಿನ ಯುಎಸ್‌ಬಿ ಕನ್ವರ್ಟರ್ ಸೇರಿಸಿದೆ. ಆ ವೈರ್‌ನಲ್ಲಿ ಬರೋದು ಎಸಿ ಕರೆಂಟ್, ಕನ್ವರ್ಟರ್‌ಗೆ ಬೇಕಾದ ಡಿಸಿ ಅಲ್ಲ ಅಂತ ಹೊಳೆಯಲೇ ಇಲ್ಲ. ಎರಡು ಮೈಲಿ ಹೋಗುವಷ್ಟರಲ್ಲಿ ಸುಟ್ಟ ವಾಸನೆ. ಕನ್ವರ್ಟರ್ ಹೋಯಿತು, ಕ್ಯಾಮೆರಾನೂ ಹೋಯಿತು. ಹೊಸದಕ್ಕೆ 399 ಡಾಲರ್, ಶೇ. 6 ಸೇಲ್ಸ್ ಟ್ಯಾಕ್ಸ್ ಸೇರಿ 422 ಡಾಲರ್ 94 ಸೆಂಟ್. ರಸೀದಿ ಇವತ್ತಿಗೂ ಇಟ್ಟಿದ್ದೇನೆ.
ಆಮೇಲೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್-ರೆಗ್ಯುಲೇಟರ್‌ಗೆ 38, ನೀರು ಹೋಗದ ಕನ್ವರ್ಟರ್‌ಗೆ 27, ಫ್ಯೂಸ್ ಮತ್ತು ವೈರ್ ಮೇಲೆ ಹಾಕುವ ಹೀಟ್‌ಶ್ರಿಂಕ್‌ಗೆ 11. ಎರಡು ಶನಿವಾರ ಗ್ಯಾರೇಜಿನಲ್ಲೇ ಕಳೆದವು. ಈಗ ನಾಲ್ಕನೇ ಚಳಿಗಾಲ. ಬ್ರಾಕ್‌ವೇ ಬೆಟ್ಟ ಹತ್ತಿ ಇಳಿದರೂ ಒಂದು ಸಲ ಕ್ಯಾಮೆರಾ ನಿಂತಿಲ್ಲ.

ಡುಲೂತ್ ಅಕ್ಕ:
ಗಾಡಿಗೂ ಮೈಗೂ ವೈರ್ ಕಟ್ಟಿಕೊಂಡು ಓಡಿಸೋದಾ? ಬಿದ್ದರೆ ಏನು ಗತಿ? ನಾನು ಆರು ವರ್ಷದಿಂದ ಮೂರು ಬ್ಯಾಟರಿ ಒಳಜೇಬಿನಲ್ಲಿ, ಮೈಗೆ ತಾಗುವ ಹಾಗೆ ಇಟ್ಟುಕೊಂಡೇ ಓಡಿಸುತ್ತಿದ್ದೇನೆ. ಚಳಿಗೆ ಬ್ಯಾಟರಿ ನಿಜವಾಗಿ ಖಾಲಿಯಾಗಿರಲ್ಲ. ಒಳಗಿನ ರೆಸಿಸ್ಟೆನ್ಸ್ ಜಾಸ್ತಿಯಾಗಿ ವೋಲ್ಟೇಜ್ ಕುಸಿಯುತ್ತದೆ, ಕ್ಯಾಮೆರಾ ಆಫ್ ಆಗುತ್ತದೆ. ಅದನ್ನೇ ಜೇಬಿನಲ್ಲಿ ಬೆಚ್ಚಗೆ ಇಟ್ಟು ಮತ್ತೆ ಹಾಕಿ ನೋಡಿ, ಅರ್ಧ ಚಾರ್ಜ್ ತೋರಿಸುತ್ತದೆ. ಗೋಪ್ರೋದವರ 1720 ಎಂಎಎಚ್ ಎಂಡ್ಯೂರೋ ಬ್ಯಾಟರಿ ಇರೋದೇ ಚಳಿಗೆ. ಈಗ ನನ್ನ ಹತ್ತಿರ ಇರೋದು ಡಿಜೆಐ ಆ್ಯಕ್ಷನ್ 4, ಅದನ್ನು ಮೈನಸ್ 20 ಸೆಲ್ಸಿಯಸ್‌ವರೆಗೆ ಅಂತ ಮಾಡಿದ್ದಾರೆ.
ನೋವಾಗಿದ್ದು ಒಂದೇ ಸಲ. ನಾರ್ತ್ ಶೋರ್ ಟ್ರೇಲ್‌ನಲ್ಲಿ ಗ್ಲೌಸ್ ತೆಗೆದು ಬದಲಾಯಿಸುವಾಗ ಬ್ಯಾಟರಿ ಜಾರಿ ಪುಡಿಹಿಮಕ್ಕೆ ಬಿತ್ತು. ಬಿದ್ದ ತೂತು ಕಾಣುತ್ತಿತ್ತು, ಬೆರಳಗಲದ ಚೌಕ. ಮೊಣಕೈವರೆಗೆ ಕೈ ಹಾಕಿದೆ, ಸಿಗಲಿಲ್ಲ. ಎರಡು ಬೆರಳ ತುದಿ ಬೆಳ್ಳಗಾಗಿ, ರಾತ್ರಿಯಿಡೀ ಉರಿ.

ಹೌಟನ್‌ವಾಸಿ:
ಅಕ್ಕ, ಅದನ್ನೇ ನಾನು ಹೇಳ್ತಿರೋದು. ಗಾಡಿಯಿಂದ ವೈರ್ ಎಳೆದಿದ್ದರೆ ಗ್ಲೌಸ್ ತೆಗೆಯುವ ಕೆಲಸವೇ ಇರುತ್ತಿರಲಿಲ್ಲ. ನಿಮ್ಮ ಬೆರಳಿಗಿಂತ ವೈರ್ ಅಪಾಯವಾ? ಮತ್ತೆ ನನ್ನ ಕ್ಯಾಮೆರಾ ಇರೋದು ಗಾಡಿ ಮೇಲೆ. ಮೈಗೆ ಕಟ್ಟಿಕೊಂಡಿದ್ದೇನೆ ಅಂತ ನಾನು ಎಲ್ಲಿ ಹೇಳಿದೆ?

ಸಡ್ಬರಿಯ ಸಾಗರದವನು:
ಗಾಡಿ ಮೇಲೆ ಕೂರಿಸೋರು ನನ್ನ ಕಥೆ ಕೇಳಿ. ಬಾನೆಟ್ ಮೇಲೆ ಅಂಟಿಸುವ ಮೌಂಟ್, ಗ್ಯಾರೇಜಿನಲ್ಲಿ ಮೈನಸ್ 12 ಇದ್ದಾಗ ಅಂಟಿಸಿದೆ. ಒತ್ತಿ ನೋಡಿದರೆ ಗಟ್ಟಿಯಾಗೇ ಇತ್ತು. ಮರುದಿನ ಟ್ರೇಲ್‌ನಲ್ಲಿ ಉಬ್ಬು ಹಾರಿದೆ, ತಿರುಗಿ ನೋಡಿದರೆ ಮೌಂಟೂ ಇಲ್ಲ ಕ್ಯಾಮೆರಾನೂ ಇಲ್ಲ. ಮೂರು ಗಂಟೆ ಹುಡುಕಿದೆ. ಮಗಳು ಮೊದಲ ಸಲ ಹಿಂದಿನ ಸೀಟಿನಲ್ಲಿ ಕೂತಿದ್ದ ವಿಡಿಯೋ ಆ ಕಾರ್ಡ್‌ನಲ್ಲೇ ಇತ್ತು. ಕ್ಯಾಮೆರಾ ಹೋದರೆ ಹೋಗಲಿ, ಅದು ಹೋಯಿತಲ್ಲ.
ಅಂಟು ಹಿಡಿಯೋಕೆ ಬಿಸಿ ಬೇಕು. ಆಲ್ಕೋಹಾಲ್‌ನಿಂದ ಒರೆಸಿ, ಬೆಚ್ಚಗಿನ ಜಾಗದಲ್ಲಿ ಅಂಟಿಸಿ, 24 ಗಂಟೆ ಅಲ್ಲೇ ಬಿಡಿ. ಮೇಲೊಂದು ದಾರವನ್ನೂ ಕಟ್ಟಿ. ನಾನೀಗ ಹ್ಯಾಂಡಲ್‌ಬಾರ್‌ಗೆ ಅಲ್ಯೂಮಿನಿಯಂ ಬಾಲ್ ಮೌಂಟ್ ಬಿಗಿದಿದ್ದೇನೆ. ಚಳಿಗೆ ಪ್ಲಾಸ್ಟಿಕ್ ಗಾಜಿನ ಹಾಗೆ ಒಡೆಯುತ್ತದೆ.
ಇನ್ನು ಬ್ಯಾಟರಿ. ಗಂಟೆಗೆ 80 ಕಿಲೋಮೀಟರ್‌ನಲ್ಲಿ ವಿಂಡ್‌ಚಿಲ್, ಅಂದರೆ ಗಾಳಿ ಬೀಸಿ ಅನ್ನಿಸುವ ಚಳಿ, ಮೈನಸ್ 40 ಮುಟ್ಟುತ್ತದೆ. ಆಗ ಕ್ಯಾಮೆರಾನೂ ಮೈನಸ್ 40. ಅಕ್ಕನ ಮೈನಸ್ 20 ಎಲ್ಲಿ ಸಾಕಾಗುತ್ತೆ?

ಡುಲೂತ್ ಅಕ್ಕ:
ತಪ್ಪು. ವಿಂಡ್‌ಚಿಲ್ ನಮ್ಮ ಚರ್ಮಕ್ಕೆ ಹಾಕಿದ ಲೆಕ್ಕ. ಗಾಳಿ ಮೈನಸ್ 18 ಇದ್ದರೆ ಕ್ಯಾಮೆರಾ ಅದಕ್ಕಿಂತ ಕೆಳಗೆ ಇಳಿಯಲ್ಲ. ಗಾಳಿ ಬೀಸಿದರೆ ಅಲ್ಲಿಗೆ ಬೇಗ ಮುಟ್ಟುತ್ತದೆ, ಅಷ್ಟೇ.

ಸಡ್ಬರಿಯ ಸಾಗರದವನು:
ಪುಸ್ತಕದ ಮಾತು ಬೇಡ ಮೇಡಂ. ನಿಂತಾಗ 40 ನಿಮಿಷ ಬರುವ ಬ್ಯಾಟರಿ ಓಡುವಾಗ 20 ನಿಮಿಷಕ್ಕೆ ಸಾಯೋದನ್ನು ಕಣ್ಣಾರೆ ನೋಡಿದ್ದೇನೆ.

ಡುಲೂತ್ ಅಕ್ಕ:
ಬೇಗ ತಣ್ಣಗಾಗುತ್ತೆ ಅಂತ ನಾನೇ ಹೇಳಿದೆನಲ್ಲ? ಪೂರ್ತಿ ಓದಿ ಜಗಳಕ್ಕೆ ಬನ್ನಿ.

ಹೌಟನ್‌ವಾಸಿ:
ಸಾಗರದವರೇ, ಮಗಳ ವಿಡಿಯೋ ಕೇಳಿ ಬೇಜಾರಾಯಿತು. ನಮ್ಮ ಕಡೆ ಬಿದ್ದಿದ್ದರೂ ಸಿಗುತ್ತಿರಲಿಲ್ಲ. ಇಲ್ಲಿ ರಸ್ತೆ ಪಕ್ಕ ಎತ್ತರದ ಹಿಮದ ಅಳತೆಗೋಲು ಇದೆ, 1978-79ರ ಚಳಿಗಾಲದಲ್ಲಿ ಒಟ್ಟು ಬಿದ್ದ ಹಿಮದ ದಾಖಲೆ 390.4 ಇಂಚು. ಸುಪೀರಿಯರ್ ಸರೋವರದ ಮೇಲಿಂದ ಗಾಳಿ ಬಂತು ಅಂದರೆ ಅರ್ಧ ಗಂಟೆಯಲ್ಲಿ ನಮ್ಮ ಜಾಡೇ ಮುಚ್ಚಿ ಹೋಗುತ್ತದೆ.

ರೆವೆಲ್‌ಸ್ಟೋಕ್ ರೈಡರ್:
ಎಲ್ಲರೂ ಜೇಬು, ವೈರ್ ಅಂತ ಮಾತಾಡ್ತಿದ್ದೀರಿ, ಅವಲಾಂಚ್ ಬೀಕನ್ ಸುದ್ದಿ ಒಬ್ಬರೂ ಎತ್ತಲಿಲ್ಲ. ಬೆಟ್ಟದ ಹಿಮ ಕುಸಿದು ಹೂತವರನ್ನು ಹುಡುಕೋಕೆ ಮೈಗೆ ಕಟ್ಟಿಕೊಳ್ಳುವ ರೇಡಿಯೋ ಅದು. ಬೀಕನ್ ಸಿಗ್ನಲ್ ಕಳಿಸುವಾಗ ಕ್ಯಾಮೆರಾ, ಫೋನ್, ಪವರ್‌ಬ್ಯಾಂಕ್ 20 ಸೆಂಟಿಮೀಟರ್ ದೂರ ಇರಬೇಕು, ಹುಡುಕುವಾಗ 50. ಕಲಿಕೆಯ ದಿನ ನಾನು ಎದೆಗೆ ಕ್ಯಾಮೆರಾ, ಒಳಜೇಬಿಗೆ ಪವರ್‌ಬ್ಯಾಂಕ್ ಹಾಕಿಕೊಂಡು ಹೋಗಿದ್ದೆ. ಹೂತಿಟ್ಟ ಬೀಕನ್ ಹುಡುಕಲು ಹೊರಟರೆ ಬಾಣದ ಗುರುತು ಸುಮ್ನೆ ಸುತ್ತುತ್ತಿತ್ತು. ಪಕ್ಕದವರು ನಾಲ್ಕು ನಿಮಿಷಕ್ಕೆ ಹುಡುಕಿದರು, ನನಗೆ ಹನ್ನೊಂದು. ಹಿಮದಡಿ ಮನುಷ್ಯ ಇದ್ದಿದ್ದರೆ? ಅವತ್ತಿನಿಂದ ಬೆಟ್ಟಕ್ಕೆ ಹೋದರೆ ಕ್ಯಾಮೆರಾ ಹೆಲ್ಮೆಟ್ ಮೇಲೆ, ಅದರ ಬ್ಯಾಟರಿಯಲ್ಲಿ ಎಷ್ಟು ಬರುತ್ತೋ ಅಷ್ಟೇ.

ಹೌಟನ್‌ವಾಸಿ:
ನಮ್ಮ ಟ್ರೇಲ್‌ಗಳಲ್ಲಿ ಯಾವ ಹಿಮಕುಸಿತ ಸ್ವಾಮಿ? ಪ್ರಶ್ನೆ ಮಿಷಿಗನ್‌ದು.

ರೆವೆಲ್‌ಸ್ಟೋಕ್ ರೈಡರ್:
ಓದುವವರೆಲ್ಲ ಮಿಷಿಗನ್‌ನಲ್ಲಿ ಇದ್ದಾರಾ? ಒಬ್ಬರಾದರೂ ಬೆಟ್ಟದ ಕಡೆಯವರು ಓದಲಿ ಅಂತಲೇ ಬರೆದೆ.

ಡಿಟ್ರಾಯಿಟ್ ಹುಡುಗ:
ಅಣ್ಣಂದಿರೇ, ಅಕ್ಕ, ತುಂಬಾ ಥ್ಯಾಂಕ್ಸ್. ಆದರೆ ನನ್ನದು ಬಾಡಿಗೆ ಗಾಡಿ. ವೈರ್ ಮುಟ್ಟೋ ಹಾಗಿಲ್ಲ, ಅಂಟಿಸೋ ಹಾಗೂ ಇಲ್ಲ. ಹ್ಯಾಂಡ್ ವಾರ್ಮರ್ (ಕೈ ಬೆಚ್ಚಗೆ ಮಾಡೋ ಪೊಟ್ಟಣ) ಜೊತೆ ಕ್ಯಾಮೆರಾನ ನೀರು ಹೋಗದ ಕೇಸ್‌ನಲ್ಲಿ ಇಟ್ಟರೆ ನಡೆಯುತ್ತಾ?

ಹುಬ್ಬಳ್ಳಿಯಿಂದ ಗುಲ್ಮಾರ್ಗ್:
ನಡೆಯಲ್ಲ ತಮ್ಮಾ. ಅದರೊಳಗೆ ಇರೋದು ಕಬ್ಬಿಣದ ಪುಡಿ, ಗಾಳಿ ಸಿಕ್ಕರೆ ಮಾತ್ರ ಬಿಸಿ. ಕೇಸ್ ಮುಚ್ಚಿದ ಮೇಲೆ ಸ್ವಲ್ಪ ಹೊತ್ತಿಗೇ ತಣ್ಣಗಾಗುತ್ತದೆ. ಗುಲ್ಮಾರ್ಗ್‌ನಲ್ಲಿ ನಾನೂ ಹೀಗೇ ಮಾಡಿ ಇಡೀ ರೈಡ್ ಕಳೆದುಕೊಂಡೆ. ಅಲ್ಲೂ ಬಾಡಿಗೆ ಗಾಡಿ. ಎರಡನೇ ದಿನ ಪವರ್‌ಬ್ಯಾಂಕ್ ಜಾಕೆಟ್ ಒಳಗೆ ಇಟ್ಟು, ವೈರ್ ಕಾಲರ್ ಒಳಗಿಂದ ಹೆಲ್ಮೆಟ್‌ವರೆಗೆ ತಂದೆ. ಎಳೆದರೆ ಬಿಟ್ಟುಕೊಳ್ಳುವ ಅಯಸ್ಕಾಂತದ ಪಿನ್ ಹಾಕಿದ್ದೆ. ಕ್ಯಾಮೆರಾದ ಬ್ಯಾಟರಿ ಮಾತ್ರ ತೆಗೆದಿಟ್ಟೆ, ಸೊನ್ನೆಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಿದರೆ ಅದು ಹಾಳಾಗುತ್ತದೆ. ಹೆಲ್ಮೆಟ್‌ನಲ್ಲಿ ಗದ್ದದ ಹತ್ತಿರ ಮಾತ್ರ ಕೂರಿಸಬೇಡ. ನಮ್ಮ ಉಸಿರೇ ಲೆನ್ಸ್ ಮೇಲೆ ಐಸ್ ಆಗಿ ಕೂರುತ್ತದೆ.

ಸಡ್ಬರಿಯ ಸಾಗರದವನು:
ಗದ್ದದ ಮೌಂಟ್‌ನಲ್ಲೇ ನಾನು ಎರಡು ಸೀಸನ್ ತೆಗೆದಿದ್ದೇನೆ, ಒಂದು ದಿನವೂ ಐಸ್ ಕಟ್ಟಿಲ್ಲ. ಉಸಿರು ಮೇಲೆ ಬರದಂತೆ ಮೂಗು-ಬಾಯಿ ಮುಚ್ಚುವ ಬ್ರೆತ್ ಬಾಕ್ಸ್ ಸರಿಯಾಗಿ ಹಾಕಿಕೊಳ್ಳಬೇಕು.

ಹುಬ್ಬಳ್ಳಿಯಿಂದ ಗುಲ್ಮಾರ್ಗ್:
ಬಾಡಿಗೆ ಹೆಲ್ಮೆಟ್‌ಗೆ ಬ್ರೆತ್ ಬಾಕ್ಸ್ ಯಾರ್ರೀ ಕೊಡ್ತಾರೆ?