ಗೋಡೆಗೊಂದು ಸ್ಪಾಟ್‌ಲೈಟ್, ಪೋಸ್ಟರಿಗೊಂದು ಒತ್ತು: ಲೆಕ್ಕ ಒಂದೇನಾ?

ಪ್ರಶ್ನೆ (ಕುವೆಂಪುನಗರ, ಮೈಸೂರು): ಹಾಲ್‌ನಲ್ಲಿ ಎರಡಡಿ ಅಗಲದ ಮೈಸೂರು ಶೈಲಿ ಚಿತ್ರ, ತಾರಸಿ 10 ಅಡಿ. ಸ್ಪಾಟ್‌ಲೈಟ್ ಎಲ್ಲಿಡಬೇಕು? ಪೋಸ್ಟರ್ ವಿನ್ಯಾಸಕ್ಕೂ ಇದೇ ಸೂತ್ರ ಅಂತಾರೆ, ಹೇಗೆ?

ಉತ್ತರ 1: ಚಿತ್ರದ ನಡು 5 ಅಡಿ ಎತ್ತರದಲ್ಲಿದ್ದರೆ ದೀಪ ಗೋಡೆಯಿಂದ ಸುಮಾರು 3 ಅಡಿ ದೂರ, ನೇರ ಕೆಳಮುಖದಿಂದ ಚಿತ್ರದ ಕಡೆಗೆ 30 ಡಿಗ್ರಿ ಓರೆ. 24 ಡಿಗ್ರಿ ಬೀಮ್ (ಬೆಳಕು ಹರಡುವ ಕೋನ) ಸಾಕು, ಬೆಳಕಿನ ವೃತ್ತ ಹೆಚ್ಚುಕಮ್ಮಿ ಎರಡೂವರೆ ಅಡಿ ಬರುತ್ತೆ. ಇನ್ನೂ ಹತ್ತಿರ ತಂದರೆ ಚೌಕಟ್ಟಿನ ನೆರಳು ಚಿತ್ರದ ಮೇಲೆ. ದೂರ ಒಯ್ದರೆ ಚಿನ್ನದ ರೇಕು ಕಣ್ಣಿಗೆ ಹೊಡೆಯುತ್ತೆ.

ಉತ್ತರ 2: ಚಿತ್ರದ ಮೇಲೆ ಸುತ್ತಲಿಗಿಂತ ಮೂರು ಪಟ್ಟು ಬೆಳಕಿರಲಿ. ಅದಕ್ಕೆ ದೊಡ್ಡ ಬಲ್ಬ್ ಬೇಡ, ಉಳಿದವನ್ನು ತಗ್ಗಿಸಿ. ಪೋಸ್ಟರೂ ಹಾಗೇ: ಶೀರ್ಷಿಕೆಯ ಅಕ್ಷರದ ಗಾತ್ರ 72 ಪಾಯಿಂಟ್, ಉಳಿದದ್ದು 24. ದಿನಾಂಕ, ಲೋಗೋ ಎಲ್ಲವನ್ನೂ ದಪ್ಪ ಮಾಡಿದರೆ ಹಾಲಿಗೆಲ್ಲ ಟ್ಯೂಬ್‌ಲೈಟ್ ಹಾಕಿದಂತೆಯೇ, ಯಾವುದೂ ಎದ್ದು ಕಾಣಲ್ಲ.

ಉತ್ತರ 3: ಅರಮನೆಯ ದೀಪಾಲಂಕಾರ ಇಲ್ಲಿ ಮಾದರಿಯಲ್ಲ ಬಿಡಿ, ಅಲ್ಲಿ ಬಲ್ಬ್‌ಗಳು ಕಟ್ಟಡದ ರೇಖೆ ಬರೆಯುತ್ತವೆ, ಹಿನ್ನೆಲೆ ಕತ್ತಲೆ; ಒಂದೇ ವಸ್ತುವಿನ ಮೇಲೆ ಬೆಳಕು ಬೀಳಿಸೋದಲ್ಲ. ಅಂದಹಾಗೆ, ಸಿಆರ್‌ಐ (ಬಣ್ಣಗಳನ್ನು ಎಷ್ಟು ಸಹಜವಾಗಿ ತೋರಿಸುತ್ತೆ ಎಂಬ ಅಳತೆ, ಗರಿಷ್ಠ 100) 90 ಇರುವ ಎಲ್‌ಇಡಿಯೇ ಕೊಳ್ಳಿ. ಇಲ್ಲದಿದ್ದರೆ ಕೆಂಪು ಮಂಕಾಗುತ್ತೆ.