‘ಟ್ರಾನ್ಸ್‌ಫೆಕ್ಷನ್’ಗೆ ‘ಊಡಿಕೆ’ ಆದೀತೇ?

ಎಲ್ಲರಿಗೂ ನಮಸ್ಕಾರ.

ಡೊಂಬಿವಲಿಯ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಲೇಖನ ಬರೆಯುತ್ತಿದ್ದೇನೆ. ವೈರಸ್ಸಿನ ನೆರವಿಲ್ಲದೆ ನರಕೋಶದೊಳಗೆ ಜೀನ್ ಕಳಿಸುವುದು ಹೇಗೆ ಅನ್ನುವುದು ವಿಷಯ. ಎರಡು ಪದಗಳು ಕಾಡಿದವು.

ಮೊದಲನೆಯದು ‘ನಾನ್-ವೈರಲ್’. ‘ವೈರಸ್‌ಮುಕ್ತ’ ಅಂತ ಬರೆದಿದ್ದೆ. ಓದಿದ ಹಿರಿಯರೊಬ್ಬರು ‘ತೊಳೆದು ಶುದ್ಧ ಮಾಡಿದ್ದಾ?’ ಎಂದು ಕೇಳಿದರು. ಸರಿಯಾದ ಪ್ರಶ್ನೆ. ‘ವೈರಸ್ ಬಳಸದ’ ಅಂತ ತಿದ್ದಿದೆ.

ಕಷ್ಟ ಇರುವುದು ‘ಟ್ರಾನ್ಸ್‌ಫೆಕ್ಷನ್’ನಲ್ಲಿ. ಹೀಗೆ ವೈರಸ್ ಬಳಸದೆ ಕೋಶದೊಳಗೆ ಜೀನ್ ಸೇರಿಸುವುದಕ್ಕೆ ಇರುವ ಹೆಸರು ಅದು. ಅದರೊಳಗೇ ‘ಇನ್ಫೆಕ್ಷನ್’ ಕೂತಿದೆ. ಮೊದಲು ವೈರಸ್ಸಿನ ಡಿಎನ್‌ಎಯನ್ನೇ ಕೋಶಕ್ಕೆ ಸೇರಿಸುತ್ತಿದ್ದ ಕಾಲದ ಹೆಸರು ಅದು. ಇಲ್ಲಿಯ ಮರಾಠಿ ಗೆಳತಿ ‘ಲಾಗಣ’ ಅಂದಳು. ಮರಾಠಿಯಲ್ಲಿ ಅದು ಸೋಂಕೂ ಹೌದು, ಕಬ್ಬು ನೆಡುವುದೂ ಹೌದು. ನಮ್ಮ ‘ಸೋಂಕು’ ಕೂಡ ಮೂಲದಲ್ಲಿ ಬರೀ ಮುಟ್ಟುವುದು. ಆದರೆ ಇವತ್ತು ಸೋಂಕು ಅಂದರೆ ಕಾಯಿಲೆಯೇ. ಬೇಡ ಅನಿಸಿತು.

‘ಕಸಿ’ ಒಳ್ಳೆಯ ಪದ. ಆದರೆ ಕಸಿ ಕಟ್ಟಿದ ಟೊಂಗೆ ಗಿಡಕ್ಕೆ ಬೆಸೆದುಕೊಂಡು ಬೆಳೆಯುತ್ತದೆ. ಹೀಗೆ ಸೇರಿಸಿದ ಪ್ಲಾಸ್ಮಿಡ್ (ಜೀನ್ ಹೊತ್ತ ಬಳೆಯಾಕಾರದ ಸಣ್ಣ ಡಿಎನ್‌ಎ) ಸಾಮಾನ್ಯವಾಗಿ ಕೋಶದ ಡಿಎನ್‌ಎಗೆ ಬೆಸೆದುಕೊಳ್ಳುವುದಿಲ್ಲ.

ನನಗೆ ಹೊಳೆದಿದ್ದು ‘ಊಡಿಕೆ’. ಕರುವಿಗೆ ಹಾಲೂಡಿಸುತ್ತೇವಲ್ಲ, ಅದೇ ಊಡು. ಡಿಎನ್‌ಎಗೆ ಮೈನಸ್ ಚಾರ್ಜ್, ಕೋಶದ ಹೊರಪೊರೆಗೂ ಅದೇ. ಎರಡೂ ಹತ್ತಿರ ಬರುವುದಿಲ್ಲ. ಅದಕ್ಕೇ ಪ್ಲಸ್ ಚಾರ್ಜ್ ಇರುವ ಕೊಬ್ಬಿನ ಜೊತೆ ಸೇರಿಸಿ ಕೊಡುತ್ತಾರೆ. ಈ ವಿಧಾನ ಪ್ರಕಟವಾಗಿದ್ದು 1987ರಲ್ಲಿ. ಆ ಸಣ್ಣ ಹನಿಯನ್ನು ಕೋಶ ತಾನೇ ನುಂಗುತ್ತದೆ. ಊಡಿಸಿದ ಹಾಗೇ ಅಲ್ವಾ?

ನರಕೋಶದಲ್ಲಿ ಮಾತ್ರ ಊಡಿಸಿದ್ದು ಸುಲಭಕ್ಕೆ ಮೈಗೆ ಹತ್ತುವುದಿಲ್ಲ. ನುಂಗಿದ ಚೀಲದಲ್ಲೇ ಡಿಎನ್‌ಎ ಅರಗಿಹೋಗಬಹುದು. ತಪ್ಪಿಸಿಕೊಂಡರೂ ಕೋಶಕೇಂದ್ರದೊಳಗೆ ಹೋಗಬೇಕು. ಒಡೆದು ಎರಡಾಗುವ ಕೋಶದಲ್ಲಿ ಆ ಕೇಂದ್ರದ ಪೊರೆ ಒಮ್ಮೆ ಕರಗುತ್ತದೆ, ಆಗ ಡಿಎನ್‌ಎಗೆ ದಾರಿ ಸಿಗುತ್ತದೆ. ಬಲಿತ ನರಕೋಶ ಒಡೆಯುವುದಿಲ್ಲ, ಪೊರೆಯೂ ಕರಗುವುದಿಲ್ಲ. ಡಿಎನ್‌ಎ ಬದಲು ಎಂಆರ್‌ಎನ್‌ಎ (ಜೀನಿನ ಸಂದೇಶ ಹೊತ್ತ ನಕಲು) ಕಳಿಸಿದರೆ ಈ ತೊಂದರೆ ಇಲ್ಲ, ಅದರ ಕೆಲಸ ಕೇಂದ್ರದ ಹೊರಗೇ.

ಒಂದು ತೊಡಕು ಉಳಿದಿದೆ. ವಿದ್ಯುತ್ ಹೊಡೆತ ಕೊಟ್ಟು ಪೊರೆಯಲ್ಲಿ ತೂತು ಮಾಡುವುದನ್ನೂ ಟ್ರಾನ್ಸ್‌ಫೆಕ್ಷನ್ ಅಂತಲೇ ಕರೆಯುತ್ತಾರೆ. ಅಲ್ಲಿ ‘ತೂರಿಸು’ ಜಾಸ್ತಿ ಒಪ್ಪುತ್ತದೆ. ಎರಡಕ್ಕೂ ‘ಊಡಿಕೆ’ ನಡೆದೀತೇ, ಇಲ್ಲಾ ಬೇರೆ ಬೇರೆ ಪದ ಬೇಕೇ? ನಿಮ್ಮ ಕಡೆ ‘ಊಡು’ ಇನ್ನೂ ಮಾತಿನಲ್ಲಿದೆಯೇ? ಕರುವಿಗಲ್ಲದೆ ಬೇರೆ ಯಾವುದಕ್ಕೆ ಬಳಸುತ್ತೀರಿ? ಭಾನುವಾರದೊಳಗೆ ಲೇಖನ ಕೊಡಬೇಕು, ದಯವಿಟ್ಟು ಬರೆಯಿರಿ.