ಅಡಿಕೆ ಸುಲಿಯುತ್ತಾ ಆಸ್ತಿ ಹಕ್ಕು

ಶಿರಸಿ ಕಡೆ ಅಡಿಕೆ ಸುಲಿಯಲು ಕುಳಿತವರಿಗೆ ಕೈಗಿಂತ ಬಾಯಿ ಚುರುಕು. ನಿನ್ನೆ ರಾತ್ರಿ ನಮ್ಮ ಜಗಲಿಯಲ್ಲಿ ಸಿಕ್ಕಿಬಿದ್ದವನು ಕಾನೂನು ಓದುವ ಮಾಣಿ. ವಿದ್ಯಾರ್ಥಿಗಳಿಗೆ ಸಂವಿಧಾನದ ಬಗ್ಗೆ ಪ್ರಬಂಧ ಸ್ಪರ್ಧೆಯಂತೆ; ಎರಡು ಸಾವಿರ ಪದ ಮೀರುವಂತಿಲ್ಲವಂತೆ.

“ಅಷ್ಟೆಯೋ? ನನ್ನ ಗಡಿ ತಕರಾರಿನ ಪೀಠಿಕೆಗೂ ಸಾಲದು” ಎಂದರು ಭಟ್ಟರು, ಮೆಟ್ಟುಗತ್ತಿಯಿಂದ ಕಣ್ಣೆತ್ತದೆ. “ವಿಷಯ ಯಾವುದು?”

“ಆಸ್ತಿ ಹಕ್ಕು.”

“ಬರೆದುಕೋ. ಆಸ್ತಿ ನಮ್ಮ ಮೂಲಭೂತ ಹಕ್ಕು.”

“ಈಗ ಅಲ್ಲ ಭಟ್ಟರೇ. 1978ರ 44ನೇ ತಿದ್ದುಪಡಿ ಅದನ್ನು ಆ ಪಟ್ಟಿಯಿಂದ ತೆಗೆದು 300ಎ ವಿಧಿಯಲ್ಲಿ ಕೂರಿಸಿತು. ಕಾನೂನಿನ ಆಧಾರವಿಲ್ಲದೆ ಸರ್ಕಾರ ನಿಮ್ಮ ತೋಟ ಕಿತ್ತುಕೊಳ್ಳುವಂತಿಲ್ಲ, ಅಷ್ಟೇ.”

ಭಟ್ಟರ ಕೈಯಲ್ಲಿದ್ದ ಕಾಯಿ ಅರ್ಧ ಸಿಪ್ಪೆಯಲ್ಲೇ ನಿಂತಿತು. “ಹಾಗಾದರೆ ಇಷ್ಟು ವರ್ಷ ನಾನು ಕೋರ್ಟಿಗೆ ಅಲೆದದ್ದು?”

“ಅದು ನಿಮ್ಮ ಮೂಲಭೂತ ಹವ್ಯಾಸ” ಎಂದರು ಹೆಗಡೆ ಭಾವ.

ಕಾರವಾರದಿಂದ ಬಂದಿದ್ದ ನೆಂಟರು ಮಾತ್ರ ನಗಲಿಲ್ಲ. “ಕಾನೂನಿನ ಆಧಾರ ಎಂದರೇನೆಂದು ಸೀಬರ್ಡ್ ನೌಕಾನೆಲೆಗೆ ಮನೆ, ಗದ್ದೆ ಬಿಟ್ಟುಕೊಟ್ಟವರನ್ನು ಕೇಳು. ಪರಿಹಾರಕ್ಕೆ ಕೋರ್ಟು ಹತ್ತಿದವರ ಮಕ್ಕಳ ತಲೆಯೂ ನೆರೆಯಿತು. ಬರೆಯುವುದಾದರೆ ಅದನ್ನು ಬರೆ.” ನನಗಂತೂ ಅದೇ ಸರಿ ಎನ್ನಿಸಿತು. ಮಾಣಿಯ ಮನಸ್ಸು ಆಗಲೇ ಕಾಸರಗೋಡಿಗೆ ಓಡಿತ್ತು.

“ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಮಠದ ಭೂಮಿಗಾಗಿ ಕೇರಳ ಸರ್ಕಾರದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರಲ್ಲ, ಅದಿಲ್ಲದೆ ಪ್ರಬಂಧವೇ ಇಲ್ಲ. 13 ನ್ಯಾಯಮೂರ್ತಿಗಳು, 1973ರ ಏಪ್ರಿಲ್ 24ರಂದು ತೀರ್ಪು. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದು 7 ಜನ, ಒಪ್ಪದವರು 6.”

“ಒಂದೇ ಮತದ ಅಂತರವೋ! ನಮ್ಮ ಸೊಸೈಟಿ ಚುನಾವಣೆಯಾಗಿದ್ದರೆ ಮರು ಎಣಿಕೆ ಕೇಳುತ್ತಿದ್ದೆವು” ಎಂದರು ಭಾವ.

“ಮಠಕ್ಕೆ ಜಮೀನು ಸಿಕ್ಕಿತೋ?” ಭಟ್ಟರ ಜೀವವೆಲ್ಲ ಅಲ್ಲೇ.

“ಆ ತೀರ್ಪಿನಿಂದ ಸಿಗಲಿಲ್ಲ.”

ಭಟ್ಟರು ಕವಳ ಹಾಕಿಕೊಂಡು ಚೇತರಿಸಿಕೊಂಡರು. ಪ್ರತಿಯ ಮೇಲೆ ಬರೆದವರ ಹೆಸರು ಕಾಣಿಸಬಾರದು, ಪ್ರತಿ ಮಾತಿಗೂ ಆಧಾರದ ಅಡಿಟಿಪ್ಪಣಿ ಬೇಕು ಎಂದು ಮಾಣಿ ನಿಯಮ ಓದುತ್ತಿದ್ದಂತೆ ಅವರ ಮುಖ ಅರಳಿತು.

“ಅಡಿಟಿಪ್ಪಣಿಯಲ್ಲಿ ನನ್ನ ಕೇಸನ್ನೂ ಹಾಕು.”

“ತೀರ್ಪು ಬಂದಿದ್ದರೆ ಹಾಕಬಹುದು.”

“ಬಂದಿದ್ದರೆ ನಿನ್ನ ಕಾಲು ಹಿಡಿಯುತ್ತಿದ್ದೆನೋ?”